ಆಯಿ ಹಾಡಿದ ದಾರಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ, ಇಬ್ರಾಹಿಂ ರೋಜಾ ನೋಡಿ, ಪೇಟೆಯಲ್ಲಿ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಸಂಜೆಯ ರೈಲು ಹತ್ತುತ್ತಾರೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಕರಿಮಣ್ಣಿನ ಸೀಮೆಯೊಂದು ಊರ ಹೊರಗೆ ಇದೆ ಎಂಬುದು ಅವರಿಗೆ ಕಾಣುವುದಿಲ್ಲ. ಕಾಣುವಂಥ ಬೆಟ್ಟ ಗುಡ್ಡ ಇಲ್ಲಿ ಇಲ್ಲವೂ ಇಲ್ಲ. ಕಣ್ಣು ಹಾಯುವವರೆಗೆ ಹೊಲ, ನಡುವೆ ಒಂದು ಬನ್ನಿಯೋ ಬೇವೋ, ದೂರದಲ್ಲಿ ಒಂದು ಗುಡಿಯ ಶಿಖರ.

ನನ್ನ ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಜಗತ್ತು ಎಂದರೆ ಈ ಸೀಮೆಯ ನಾಲ್ಕು ತಾಲ್ಲೂಕು. ಹುಟ್ಟಿದ್ದು ಇಂಡಿ ತಾಲ್ಲೂಕಿನಲ್ಲಿ, ಕೊಟ್ಟದ್ದು ಬಸವನ ಬಾಗೇವಾಡಿ ತಾಲ್ಲೂಕಿಗೆ, ತಂಗಿಯ ಮನೆ ಸಿಂದಗಿ ಕಡೆ, ಹಿರಿಯ ಮಗಳನ್ನು ಕೊಟ್ಟದ್ದು ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಗೆ. ಪುಣೆ, ಸೊಲ್ಲಾಪುರದ ಹೆಸರು ಕೇಳಿದ್ದಳು ಅಷ್ಟೆ. ಓದು ಬರಹ ಬರುತ್ತಿರಲಿಲ್ಲ. ಬರುತ್ತಿದ್ದುದು ಎರಡು: ದಿನಾ ಬೆಳಗ್ಗೆ ವಿಭೂತಿ ಧರಿಸಿ ಅಂಗೈಯಲ್ಲಿ ಲಿಂಗ ಹಿಡಿದು ಕೂಡುವುದು, ಮತ್ತು ಹಾಡುವುದು. ಎರಡನ್ನೂ ಬೇರೆ ಬೇರೆ ಎಂದು ಆಕೆ ತಿಳಿದಿದ್ದಳೋ ಇಲ್ಲವೋ, ನನಗೆ ಈಗಲೂ ಹೇಳಲಾಗದು.

ಬ್ಯಾಂಕಿನಲ್ಲಿ ನೌಕರಿ ಸಿಕ್ಕ ಮರುವರ್ಷ, 1974ರಲ್ಲಿ, ರಜೆಗೆ ಊರಿಗೆ ಹೋದಾಗ ಆಯಿಯ ಹಾಡುಗಳನ್ನು ಒಂದು ಹಳೆಯ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೆ. ಎಡಗಡೆ ನಂಬರು, ಬಲಗಡೆ ಹಾಡು. ಒಟ್ಟು 63 ತ್ರಿಪದಿ. ಮೂರು ವರ್ಷಕ್ಕೆ ಆಯಿ ಹೋದಳು. ಕಳೆದ ವರ್ಷ ನನ್ನ ಮೊಮ್ಮಗಳು ಆ ರಿಜಿಸ್ಟರು ತೆಗೆದು, ಎಲ್ಲ ಓದಿ, "ಮುತ್ಯಾ, ಇವನ್ನ ಹ್ಯಾಂಗ ಹಾಡೂದು?" ಎಂದಳು. ಆಕೆ ಎಂಟನೆಯ ಇಯತ್ತೆ, ಹುಬ್ಬಳ್ಳಿಯಲ್ಲಿ ಹಿಂದುಸ್ತಾನಿ ಗಾಯನ ಕಲಿಯುತ್ತಾಳೆ. ನನ್ನ ಕಂಠ ದೇವರು ಕೊಟ್ಟ ಹಾಗೆಯೇ ಇದೆ, ಅದರಿಂದ ಹಾಡು ಹೊರಡುವುದಿಲ್ಲ. ಮಾತು 63 ಇದ್ದವು, ಧಾಟಿ ಒಂದೂ ಇರಲಿಲ್ಲ. ನನ್ನ ಅವ್ವ ಇದ್ದಿದ್ದರೆ ಹಾಡಿ ತೋರಿಸುತ್ತಿದ್ದಳು, ಆಕೆಯೂ ಇಲ್ಲ. ಹಾಗಾಗಿ ದಸರೆ ರಜೆಯಲ್ಲಿ ಅಜ್ಜ ಮೊಮ್ಮಗಳು ಇಬ್ಬರೂ ಧಾಟಿ ಹುಡುಕಲು ಹೊರಟೆವು. ಬಸ್ಸಿನಲ್ಲಿ ಆಕೆಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ನನಗೆ ಹಿರಿಯ ನಾಗರಿಕರ ರಿಯಾಯಿತಿ. ಇಷ್ಟು ಅಗ್ಗದ ಪ್ರವಾಸವನ್ನು ನಾನು ನೌಕರಿಯಲ್ಲಿದ್ದಾಗಲೂ ಮಾಡಿರಲಿಲ್ಲ.

ಇಂಡಿಗೆ ಇಳಿದರೆ ಮೊದಲು ಬರುವುದು ಲಿಂಬೆಯ ವಾಸನೆ. ಇಲ್ಲಿನ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ನಮಗೆ ಬೇಕಾಗಿದ್ದುದು ಲಿಂಬೆಯಲ್ಲ, ಹಲಸಂಗಿ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಊರು, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಕನ್ನಡ ಸಾಹಿತ್ಯ ಓದಿದವರಿಗೆ 'ಹಲಸಂಗಿ ಗೆಳೆಯರು' ಎಂದರೆ ಗೊತ್ತು. ಮಧುರಚೆನ್ನ ಎಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ. ಹಳ್ಳಿಯಲ್ಲೇ ಕೂತು, ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುವ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ಲಾವಣಿಗಳದ್ದು 'ಜೀವನ ಸಂಗೀತ', ಆಮೇಲೆ 'ಮಲ್ಲಿಗೆ ದಂಡೆ'. ವಿಶ್ವವಿದ್ಯಾಲಯಗಳಲ್ಲಿ ಜಾನಪದ ಎಂಬ ವಿಭಾಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. ಗಂಡಸರು ಕೇಳಿಯೂ ಕೇಳದಂತೆ ನಿದ್ದೆ ಮಾಡುತ್ತಿದ್ದ ಬೆಳಗಿನ ಜಾವದ ಹಾಡನ್ನು ಕಾವ್ಯ ಎಂದು ಕರೆದವರು ಇವರು. ಅದು ಸಣ್ಣ ಧೈರ್ಯವಲ್ಲ.

ಆಯಿಯ ತವರೂರು ಹಲಸಂಗಿಗೆ ಕೆಲವೇ ಹರದಾರಿ. ಆಕೆ ಹಾಡುತ್ತಿದ್ದ ಕೆಲವು ತ್ರಿಪದಿಗಳು, ಒಂದೆರಡು ಶಬ್ದ ಆಚೀಚೆಯಾಗಿ, ಆ ಪುಸ್ತಕದಲ್ಲಿಯೂ ಇವೆ. ಕಾಲೇಜಿನಲ್ಲಿ ಅದನ್ನು ಮೊದಲ ಸಲ ತೆರೆದಾಗ ನನಗೆ ನಮ್ಮ ಪಡಸಾಲೆಯನ್ನೇ ಯಾರೋ ಅಚ್ಚು ಹಾಕಿಸಿದ ಹಾಗೆ ಅನಿಸಿತ್ತು. ಆದರೆ ಪುಸ್ತಕವೂ ನನ್ನ ರಿಜಿಸ್ಟರಿನ ಹಾಗೆಯೇ. ಮಾತು ಹಿಡಿಯುತ್ತದೆ, ಧಾಟಿ ಹಿಡಿಯುವುದಿಲ್ಲ.

ತವರೂರಿನಲ್ಲಿ ಆಯಿಯ ಅಣ್ಣನ ಮೊಮ್ಮಕ್ಕಳು ಇದ್ದಾರೆ. ಚಹಾ ಕೊಟ್ಟರು, ದ್ರಾಕ್ಷಿ ತೋಟ ತೋರಿಸಿದರು, ಓಣಿಯ ಐದಾರು ಹೆಣ್ಣುಮಕ್ಕಳನ್ನು ಕರೆಸಿದರು. ಭಜನಾ ಮಂಡಳಿಯ ಅರವತ್ತರ ಒಬ್ಬಾಕೆ ರಿಜಿಸ್ಟರು ನೋಡಿ ಚೆನ್ನಾಗಿಯೇ ಹಾಡಿದಳು, ಹಾರ್ಮೋನಿಯಂ ಕೂಡ ಇತ್ತು. ಹೊರಗೆ ಬಂದ ಮೇಲೆ ಮೊಮ್ಮಗಳು, "ಛಲೋ ಇತ್ತು ಮುತ್ಯಾ, ಆದ್ರ ಅದು ಸಿನೆಮಾ ಹಾಡಿನ ಧಾಟಿ" ಎಂದಳು. ನನಗೂ ಹಾಗೇ ಅನಿಸಿತ್ತು. ಯಾವ ಸಿನೆಮಾ ಎಂಬುದು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ.

ಮಕ್ಕಳೇ, ನಿಮ್ಮಲ್ಲಿ ಬಹಳ ಮಂದಿ ಬೀಸುಕಲ್ಲನ್ನು ಚಿತ್ರದಲ್ಲಿ ಮಾತ್ರ ನೋಡಿರಬಹುದು. ಎರಡು ದುಂಡು ಕಲ್ಲು. ಕೆಳಗಿನದು ಅಲುಗುವುದಿಲ್ಲ, ಅದರ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ನಡುವೆ ಕಾಳು ಹಾಕುವ ಬಾಯಿ, ಅಂಚಿನಲ್ಲಿ ಹಿಡಿದು ತಿರುಗಿಸಲು ಇನ್ನೊಂದು ಗೂಟ. ಹಿಟ್ಟು ಸುತ್ತಲೂ ಉದುರುತ್ತದೆ. ಕಲ್ಲು ಸವೆದು ನುಣ್ಣಗಾದರೆ ಉಳಿಯಿಂದ ಹೊಡೆದು ಮತ್ತೆ ತರಿ ಮಾಡಿಕೊಡುವವರು ಊರೂರು ತಿರುಗುತ್ತಿದ್ದರು. ದೊಡ್ಡ ಸಂಸಾರಕ್ಕೆ ದಿನಕ್ಕೆ ನಾಲ್ಕೈದು ಸೇರು ಜೋಳದ ಹಿಟ್ಟು ಬೇಕು. ಬೆಳಗಿನ ನಾಲ್ಕು ಗಂಟೆಗೆ, ಕೆಲವೊಮ್ಮೆ ಮೂರಕ್ಕೇ, ಹೆಂಗಸರು ಎದುರುಬದುರು ಕೂತು ಬೀಸುತ್ತಿದ್ದರು. ಅದು ಹಗುರ ಕೆಲಸವಲ್ಲ. ಹಾಡು ಹುಟ್ಟಿದ್ದು ಖುಷಿಗೆ ಎಂದು ಬರೆಯುವವರು ಒಂದು ದಿನ ಬೀಸಿ ನೋಡಬೇಕು.

ತ್ರಿಪದಿ ಎಂದರೆ ಮೂರು ಸಾಲು. ಹನ್ನೊಂದು ಗಣ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಮೂರು. ನಮ್ಮ ಪಕ್ಕದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ತ್ರಿಪದಿ ಇದೆ ಎಂದರೆ ಇದರ ವಯಸ್ಸು ಸಾವಿರದ ಮುನ್ನೂರು ವರ್ಷ. ಸರ್ವಜ್ಞ ಬಳಸಿದ್ದೂ ಇದನ್ನೇ. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನ್ನು ನಾಲ್ಕು ಮಾಡುತ್ತಾರೆ. ನಾನು ಹುಡುಗನಾಗಿ ಕಂಬಳಿಯೊಳಗಿಂದ ನೋಡುತ್ತಿದ್ದುದು ಇನ್ನೊಂದು. ಕೊನೆಯ ಸಾಲು ಗಿಡ್ಡ. ಅದು ಮುಗಿದು ಮುಂದಿನ ಹಾಡು ಹಿಡಿಯುವ ನಡುವಿನ ಖಾಲಿಯಲ್ಲಿ ಆಯಿಯ ಎಡಗೈ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಸುರಿಯುತ್ತಿತ್ತು. ಬಲಗೈ ನಿಲ್ಲುತ್ತಿರಲಿಲ್ಲ.

ಸಿಂದಗಿಯಲ್ಲಿ ನಾವು ಹೆಚ್ಚು ಹೊತ್ತು ಇರಲಿಲ್ಲ. ಆಯಿಯ ತಂಗಿಯ ಮನೆತನ ಊರು ಬಿಟ್ಟು ಬಹಳ ದಿನವಾಯಿತು. ಆದರೆ ಈ ದಾರಿಗೆ ಅದರದೇ ಗುಣವಿದೆ. ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಸಿಂದಗಿಯ ಗಡಿ ದಾಟಿದರೆ ಯಡ್ರಾಮಿ ತಾಲ್ಲೂಕು, ಅಲ್ಲಿ ತತ್ವಪದದ ಕಡಕೋಳ ಮಡಿವಾಳಪ್ಪನವರ ಮಠ. ಅವರ ಶಿಷ್ಯರಲ್ಲಿ ಖೈನೂರು ಕೃಷ್ಣಪ್ಪ ಇದ್ದರು, ಚೆನ್ನೂರು ಜಲಾಲಸಾಹೇಬರೂ ಇದ್ದರು. ಏಕತಾರಿ, ದಮ್ಮಡಿ, ತಾಳ ಇಷ್ಟಿದ್ದರೆ ರಾತ್ರಿ ಕಳೆಯುವ ಭಜನೆ ಈಗಲೂ ಈ ಕಡೆ ಉಳಿದಿದೆ. ಆಯಿ ತಂಗಿಯ ಮನೆಗೆ ಬಂದರೆ ಭಜನೆ ಕೇಳುತ್ತ ಗುಡಿಯ ಕಟ್ಟೆಗೆ ಒರಗಿ ಬೆಳಗು ಮಾಡುತ್ತಿದ್ದಳಂತೆ. ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುವವರು ಬಂದರೂ ಅಷ್ಟೇ. ಜೋಳ ಕೊಟ್ಟು ಕೂಡಿಸಿ ಹಾಡಿಸುತ್ತಿದ್ದಳು. "ಹಾಡಿಗೆ ಜಾತಿ ಹಚ್ಚಬ್ಯಾಡ್ರಿ, ಹಚ್ಚಿದ್ರ ಧಾಟಿ ಕೆಡ್ತದ" ಎನ್ನುತ್ತಿದ್ದಳು. ಮಡಿವಾಳಪ್ಪನವರ ಪದ ಹೇಳುವ ಒಬ್ಬ ಮುದುಕರನ್ನು ಹಿಪ್ಪರಗಿಯಲ್ಲಿ ಕೇಳಿದೆವು. ಅವರು ನಕ್ಕು, "ಅದು ಹೆಣ್ಣುಮಕ್ಕಳ ದಂಧೆ ರೀ, ನಮಗೇನು ಗೊತ್ತು" ಎಂದರು.

ಬಸವನ ಬಾಗೇವಾಡಿಗೆ ಬಂದಾಗ ಸೋಮವಾರ. ಬಸವಣ್ಣನವರು ಹುಟ್ಟಿದ ಊರು ಎಂದು ನಾಡಿಗೆಲ್ಲ ಗೊತ್ತು. ತಾಯಿ ಮಾದಲಾಂಬಿಕೆಯ ತವರು ಇಂಗಳೇಶ್ವರ ಇಲ್ಲಿಗೆ ಹತ್ತಿರ, ಬಸವಣ್ಣ ಹುಟ್ಟಿದ್ದು ಅಲ್ಲಿ ಎನ್ನುವವರೂ ಇದ್ದಾರೆ. ಆಯಿ ಈ ಜಗಳಕ್ಕೆ ಹೋಗುತ್ತಿರಲಿಲ್ಲ. ಚೊಚ್ಚಲ ಬಾಣಂತನ ತವರಲ್ಲಿ, ಬೆಳೆಯುವುದು ತಂದೆಯ ಮನೆಯಲ್ಲಿ, ಇದರಲ್ಲಿ ಕೇಳುವುದೇನಿದೆ ಎಂಬುದು ಆಕೆಯ ತೀರ್ಪು. ಶ್ರಾವಣದ ಸೋಮವಾರಗಳಲ್ಲಿ ನಸುಕಿನಲ್ಲಿ ಎದ್ದು ನಮ್ಮ ಊರಿನಿಂದ ಬಾಗೇವಾಡಿಗೆ ನಡೆದೇ ಬರುತ್ತಿದ್ದಳು. ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡ ಹತ್ತು ಹದಿನೈದು ಹೆಂಗಸರು, ಹಿಂದೆ ನಾವು ಹುಡುಗರು. ಕರಿಮಣ್ಣು ಹಸಿಯಾದರೆ ಕಾಲಿಗೆ ಹತ್ತಿ ಹತ್ತಿ ಒಂದೊಂದು ಹೆಜ್ಜೆ ಒಂದೊಂದು ಸೇರು ತೂಗುತ್ತದೆ. ಆ ನಡಿಗೆಗೆ ಬೇರೆ ಹಾಡು.

ಅಜ್ಜ ನಾಲ್ಕನೆಯ ಇಯತ್ತೆ ಓದಿದವನು. ಕಂದೀಲಿನ ಬೆಳಕಿನಲ್ಲಿ ವಚನ ಓದಿ ಹೇಳುತ್ತಿದ್ದ. ಓಲೆಗರಿ ಹುಡುಕಿ ಹುಡುಕಿ ವಚನಗಳನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲೇ ವಕೀಲರಾಗಿದ್ದವರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು, ಎರಡು ವರ್ಷಕ್ಕೆ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರೂ ಅವರೇ. ಬ್ಯಾಂಕಿನವನಾದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ಅಜ್ಜ ಓದಿದ್ದನ್ನು ಆಯಿ ಕೇಳಿ, ಮರುದಿನ ಬೆಳಗ್ಗೆ ಕಲ್ಲಿನ ಮೇಲೆ ಹಾಡಿಬಿಡುತ್ತಿದ್ದಳು. ವಚನಕ್ಕೆ ಗಣದ ಲೆಕ್ಕವಿಲ್ಲ, ಸಾಲು ಒಂದು ಉದ್ದ, ಒಂದು ಗಿಡ್ಡ. ಎಲ್ಲಿ ಎಳೆಯಬೇಕು, ಎಲ್ಲಿ ಮಡಚಬೇಕು ಎಂಬುದನ್ನು ಕಲ್ಲೇ ಆಕೆಗೆ ಹೇಳುತ್ತಿತ್ತು. ಮುಂದೆ ಪಂಚಾಯಿತಿ ರೇಡಿಯೊ ಬಂತು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರು ವಚನ ಹಾಡುವಾಗ ಆಯಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿ, ಎದ್ದು ಸೀರೆ ಝಾಡಿಸಿಕೊಳ್ಳುತ್ತ ಹೇಳಿದ್ದು ನನಗೆ ಬಾಯಿಪಾಠ: "ಏನು ಹಾಡ್ಯಾನಪ್ಪ ಪುಣ್ಯಾತ್ಮ! ಆದ್ರ ಆತನ ಹಾಡು ಹಿಡಕೊಂಡು ಬೀಸಾಕ ಕುಂತ್ರ ಮಧ್ಯಾಹ್ನಕ್ಕೂ ಹಿಟ್ಟು ಬರೂದಿಲ್ಲ."

1961ರಲ್ಲಿ, ನನಗೆ ಹತ್ತು ವರ್ಷ, ಅಜ್ಜ ನಮ್ಮೆಲ್ಲರನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಹತ್ತಿ ಗುಮ್ಮಟದ ಒಳಸುತ್ತಿಗೆ ಬಂದರೆ ಎಲ್ಲರೂ ಚಪ್ಪಾಳೆ ತಟ್ಟುವವರು, ಕೂ ಎನ್ನುವವರು. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ. ಗದ್ದಲ ಇಳಿದ ಒಂದು ಗಳಿಗೆಯಲ್ಲಿ ಆಯಿ ಮೆಲ್ಲಗೆ ಬಸವಣ್ಣನ ಮೇಲಿನ ಒಂದು ತ್ರಿಪದಿಯ ಮೊದಲ ಸಾಲು ಹಾಡಿದಳು. ಅದು ಒಂದು, ಎರಡು, ಮೂರು ಎಂದು ತಿರುಗಿ ತಿರುಗಿ ಬಂತು. ಆಯಿ ಬೆಚ್ಚಿ ಅಜ್ಜನ ತೋಳು ಹಿಡಿದಳು. ಆಮೇಲೆ ನಗುತ್ತ, "ಇಷ್ಟು ಮಂದಿ ಗೆಳತ್ಯಾರು ಎಲ್ಲಿದ್ರು ಇಲ್ಲಿ?" ಎಂದಳು. ಈ ಗುಮ್ಮಟದಲ್ಲಿ ಮಲಗಿದ ಮಹಮ್ಮದ ಆದಿಲಶಾಹನ ತಂದೆ ಎರಡನೆಯ ಇಬ್ರಾಹಿಂ ಸಂಗೀತದ ಹುಚ್ಚಿನವನು, ಸರಸ್ವತಿಯನ್ನು ನೆನೆದು ಹಾಡು ಬರೆದವನು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆಯಿಗೆ ಹೇಳಿದ್ದರೆ ಆತನಿಗೂ ಒಂದು ತ್ರಿಪದಿ ಸಿಗುತ್ತಿತ್ತು.

ಡೋಣಿ ದಂಡೆಯ ನಮ್ಮ ಊರಿಗೂ ಹೋದೆವು. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಗಾದೆ ಇನ್ನೂ ಬಾಯಲ್ಲಿದೆ, ಹೊಲದಲ್ಲಿ ತೊಗರಿ ಹೆಚ್ಚು. ಮನೆ ಮಾರಿ ಮೂವತ್ತು ವರ್ಷ. ಕೊಂಡವರು ಒಳ್ಳೆಯವರು, ಒಳಗೆ ಕರೆದರು. ಬೀಸುಕಲ್ಲಿನ ಮೇಲಿನ ಭಾಗ ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗಿತ್ತು. ಕೆಳಗಿನದು ಸಿಗಲಿಲ್ಲ.

ಮುದ್ದೇಬಿಹಾಳದ ಕಡೆ ಹೋದದ್ದು ಧಾಟಿಗಾಗಿ ಅಲ್ಲ. ಅಲ್ಲಿ ನನ್ನ ದೊಡ್ಡವ್ವನ ಮಗಳು, ನನಗಿಂತ ನಾಲ್ಕು ವರ್ಷ ಹಿರಿಯ ಅಕ್ಕ ಇದ್ದಾಳೆ. ಇಷ್ಟು ದೂರ ಬಂದು ಆಕೆಯನ್ನು ನೋಡದೆ ಹೋಗುವುದು ಹೇಗೆ? ಅಕ್ಕ ಮಾತು ಕಡಿಮೆಯ ಹೆಂಗಸು. ಆಕೆ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ದೊಡ್ಡವ್ವ ತೀರಿಕೊಂಡದ್ದು ನಾನು ಹುಟ್ಟಿದ ವರ್ಷ. ಎರಡನೆಯ ಹೆರಿಗೆ, ಮಳೆಗಾಲ, ಕೃಷ್ಣೆ ದಂಡೆ ಮೀರಿ ಹರಿಯುತ್ತಿತ್ತು. ಡಾಕ್ಟರು ಹೊಳೆಯ ಆಚೆ. ಹರಿಗೋಲಿನವನು ಬೆಳಗಾಗಲಿ ಎಂದ. ಬೆಳಗಾಗುವುದರೊಳಗೆ ತಾಯಿ ಮಗು ಇಬ್ಬರೂ ಹೋದರು. ಸುದ್ದಿ ಮುಟ್ಟಿ ಆಯಿ ಚಕ್ಕಡಿಯಲ್ಲಿ ಬಂದಾಗ ಮಣ್ಣು ಆಗಿತ್ತು. ಆ ಮೇಲಿಂದ ಪ್ರತಿ ಬೇಸಿಗೆ ಒಂದು ತಿಂಗಳು ಆಯಿ ಈ ಊರಿಗೆ ಬಂದು, ತಾಯಿಯಿಲ್ಲದ ಮೊಮ್ಮಗಳ ಹತ್ತಿರ ಇದ್ದು ಹೋಗುತ್ತಿದ್ದಳು. ಹೋಗುವ ಮುಂಚೆ ತಂಗಡಗಿಗೆ ನಡೆದು ಹೋಗಿ ನೀಲಮ್ಮನಿಗೆ ಕಾಯಿ ಒಡೆಸುತ್ತಿದ್ದಳು.

ತಂಗಡಗಿ ಕೃಷ್ಣೆಯ ದಂಡೆಯ ಊರು, ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳ. ಕಲ್ಯಾಣದ ಗಲಭೆಯ ನಂತರ ಬಸವಣ್ಣ ಕೂಡಲಸಂಗಮದಿಂದ ನೀಲಮ್ಮನನ್ನು ಕರೆತರಲು ಅಪ್ಪಣ್ಣನನ್ನು ಕಳಿಸಿದರೆಂದೂ, ಇಲ್ಲಿಯವರೆಗೆ ಬಂದ ಆಕೆ, ಸಂಗಯ್ಯ ಅಲ್ಲಿ ಇದ್ದಾನೆ, ಇಲ್ಲಿ ಇಲ್ಲವೇ ಎಂದು ಈಚೆಯ ದಂಡೆಯಲ್ಲೇ ಐಕ್ಯಳಾದಳೆಂದೂ ಕಥೆ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಇಲ್ಲೆಲ್ಲ ಹಿನ್ನೀರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿದ್ದಾರೆ, ಮೆಟ್ಟಿಲು ಇಳಿದು ಹೋಗಬೇಕು. ದೊಡ್ಡವ್ವನ ಊರಿಗೆ ಅಂಥ ಗೋಡೆ ಇರಲಿಲ್ಲ. ಊರು ಮೇಲಕ್ಕೆ ಬಂತು, ಹಳೆಯ ಮನೆ, ಹೊಲ, ಮಣ್ಣು ಮಾಡಿದ ಜಾಗ ನೀರಿಗೆ ಹೋದವು.

ಅಕ್ಕ ರಿಜಿಸ್ಟರಿನ ಮಾತು ಕೇಳಿದಳು. ಮೊಮ್ಮಗಳು ಒಂದು ತ್ರಿಪದಿ ಓದಿದಳು. ಅಕ್ಕನ ತುಟಿ ಅಲುಗಿತು, ಬಲಗೈ ಮೊಣಕಾಲ ಮೇಲೆ ಸಣ್ಣಗೆ ಸುತ್ತತೊಡಗಿತು. ಅದನ್ನು ಮೊದಲು ನೋಡಿದವಳು ಹುಡುಗಿಯೇ.

"ಆಯೀ, ನಿಮಗ ಬರ್ತದ ಅಲಾ?"

"ಬರ್ತಿತ್ತವ್ವಾ. ಈಗ ಕಲ್ಲು ಇಲ್ಲದ ಹ್ಯಾಂಗ ಬರಬೇಕು?"

ಕಲ್ಲು ಇತ್ತು. ದನದ ಕೊಟ್ಟಿಗೆಯ ಮೂಲೆಯಲ್ಲಿ, ಊರು ಮುಳುಗುವಾಗ ಚಕ್ಕಡಿಯಲ್ಲಿ ಹೇರಿಕೊಂಡು ಬಂದ ಕಲ್ಲು, ಗೋಣಿಚೀಲದ ಕೆಳಗೆ. ಅಕ್ಕನ ಮಗ ಮತ್ತು ನಾನು ಹೊರಳಿಸಿ ಹೊರಗೆ ತಂದೆವು. ಸೊಸೆ ತೊಳೆದಳು. ಹಿಡಿಗೂಟ ಹುಳು ತಿಂದಿತ್ತು, ಜಾಲಿಯ ಕಟ್ಟಿಗೆಯದೊಂದು ಕೆತ್ತಿ ಹಾಕಿದ್ದಾಯಿತು. ಬಿಸಿಲಿಗೆ ಒಣಗಲು ಎರಡು ತಾಸು. ಅಕ್ಕ ಒಂದು ಮರ ಜೋಳ ತಂದು ಕೂತಳು. ಎದುರಿಗೆ ಮೊಮ್ಮಗಳು. ಮೊದಲ ಹತ್ತು ಸುತ್ತು ಬರಿ ಗರಗರ. ಹುಡುಗಿ ತನ್ನ ಕಡೆ ಬಂದಾಗ ಎಳೆಯದೆ ತಳ್ಳುತ್ತಿದ್ದಳು, ಅಕ್ಕ ಮಾತಾಡದೆ ಆಕೆಯ ಕೈ ಮೇಲೆ ಕೈ ಇಟ್ಟು ಸರಿ ಮಾಡಿದಳು. ಕಲ್ಲು ಒಂದು ಹದಕ್ಕೆ ಬಂತು. ಆಗ ಅಕ್ಕ ಹಾಡಿದಳು.

ನಾನು ಆ ಧಾಟಿ ಕೇಳಿ 47 ವರ್ಷದ ಮೇಲಾಗಿತ್ತು. ಧ್ವನಿ ಅಕ್ಕನದು, ಒಡೆದದ್ದು, ಅರ್ಧ ಉಸಿರು. ಎಳೆಯುವ ಜಾಗ ಆಯಿಯದು. ಸಾಲಿನ ಕೊನೆಯ ಖಾಲಿಯಲ್ಲಿ ಎಡಗೈ ಜೋಳ ಸುರಿಯಿತು. ಸೊಸೆ ಒಲೆ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ನಲವತ್ತು ವರ್ಷ ಈ ಮನೆಯಲ್ಲಿದ್ದು ಅತ್ತೆಯ ಹಾಡು ಕೇಳಿರಲಿಲ್ಲ ಆಕೆ. ಅಕ್ಕನ ಮಗ ಮೊಬೈಲ್ ಹಿಡಿದಿದ್ದ.

ಗಣಪ, ಶಾರದೆ, ಬಸವಣ್ಣ, ಕಲ್ಲು, ತವರು, ಎಲ್ಲ ಬಂದವು. ನಾನು ರಿಜಿಸ್ಟರಿನಲ್ಲಿ ನಂಬರಿಗೆ ಗುರುತು ಹಾಕುತ್ತ ಹೋದೆ. ಆಮೇಲೆ ಒಂದು ಬಂತು, ಅದು 63ರಲ್ಲಿ ಇರಲಿಲ್ಲ. ಎರಡು ತ್ರಿಪದಿ. ಹಾಡುತ್ತಿದ್ದ ಹಾಗೆ ಅಕ್ಕ ಮಗನ ಕಡೆ ಕೈ ಅಡ್ಡ ಹಿಡಿದಳು, ಆತ ಮೊಬೈಲು ಕೆಳಗಿಟ್ಟ. ಮುಗಿದ ಮೇಲೆ ಹೇಳಿದಳು:

"ಇದು ನಮ್ಮವ್ವಂದು, ತಮ್ಮಾ. ಆಯಿ ತಂಗಡಗಿಯೊಳಗ ಅಷ್ಟ ಹಾಡತಿದ್ದಳು. ನನಗ ಕಲಿಸ್ಯಾಳ. ನೀ ಇದನ್ನ ಬರೀಬ್ಯಾಡ."

ಬರೆಯುವುದಿಲ್ಲ. ಅದರಲ್ಲಿ ಆಯಿ ನೀಲಮ್ಮನನ್ನು ಒಂದು ಮಾತು ಕೇಳುತ್ತಾಳೆ ಎಂದಷ್ಟೇ ಹೇಳಬಹುದು. ನೀನು ಒಲ್ಲೆ ಎಂದು ಹೊಳೆ ದಾಟಲಿಲ್ಲ, ನನ್ನ ಮಗಳು ಒಲ್ಲೆ ಎಂದಿರಲಿಲ್ಲವಲ್ಲ ಎಂದು. ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ಬೆಳಗು ಮುಂಜಾನೆ ಹಾಡಿದ ಆಯಿಯ ಬಾಯಲ್ಲಿ ಇದು ಒಂದು ದಿನವೂ ಬಂದಿರಲಿಲ್ಲ. ಅಷ್ಟು ದೇವರಲ್ಲಿ ನಂಬಿಕೆಯಿಟ್ಟವಳು ದೇವರನ್ನು ಹೀಗೆ ಕೇಳಿದ್ದಳು, ಕೇಳಿ ಕಾಯಿ ಒಡೆಸಿ ಬರುತ್ತಿದ್ದಳು.

"ಆಯೀ, ನಾ ಕಲಿಯಬಹುದಾ ಅದನ್ನ?" ಎಂದಳು ಮೊಮ್ಮಗಳು. ಅಕ್ಕ ಬಹಳ ಹೊತ್ತು ಆಕೆಯನ್ನು ನೋಡಿ, "ಬೀಸು" ಎಂದಳು.

ಎರಡು ದಿನ ಅಲ್ಲೇ ಉಳಿದೆವು. ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಎದ್ದವು. ಇದು ಯಾವ ರಾಗ ಎಂದು ನಾನು ಕೇಳಿದರೆ, ನಾಲ್ಕೇ ಸ್ವರ ಇವೆ ಮುತ್ಯಾ, ಐದನೆಯದು ಕಲ್ಲಿಂದು ಎಂದಳು. ಬೀಸಿದ ಹಿಟ್ಟು ತರಿ ತರಿ, ಆದರೂ ಸೊಸೆ ಅದರಲ್ಲೇ ರೊಟ್ಟಿ ಬಡಿದಳು. ಕೆನೆಮೊಸರು, ಶೇಂಗಾ ಹಿಂಡಿ, ಪುಂಡಿಪಲ್ಲೆ. ಉಳಿದ ಹಿಟ್ಟನ್ನು ಅಕ್ಕ ಬಟ್ಟೆಯಲ್ಲಿ ಕಟ್ಟಿ ಹುಡುಗಿಯ ಚೀಲಕ್ಕೆ ಹಾಕಿದಳು. ಮುದ್ದೇಬಿಹಾಳಕ್ಕೆ ಕೊನೆಯ ಬಸ್ಸು ಐದೂವರೆಗೆ. ಕಂಡಕ್ಟರು ಚೀಲ ನೋಡಿ ಏನು ಇದು ಎಂದ. ಜೋಳದ ಹಿಟ್ಟು ಎಂದೆ. ಲಗೇಜು ಹಾಕಲಿಲ್ಲ.